ದಾವೆ ಹೂಡಲು ಬಡವರಿಗೇಕೆ ಅಪ್ಪಣೆ?

ಹಣವುಳ್ಳವನು ನ್ಯಾಯಾಲಯದ ಮೆಟ್ಟಿಲೇರುವಾಗ ಯಾರ ಅಪ್ಪಣೆಯನ್ನೂ ಕೇಳಬೇಕಾಗಿಲ್ಲ. ಶುಲ್ಕ ಕಟ್ಟುತ್ತಾನೆ, ವಾದಪತ್ರ ಸಲ್ಲಿಸುತ್ತಾನೆ. ಶುಲ್ಕಕ್ಕೆ ಗತಿಯಿಲ್ಲದವರಿಗೆ ಮಾತ್ರ ಬೇರೆ ಬಾಗಿಲು. ದಿವಾಣಿ ಪ್ರಕ್ರಿಯಾ ಸಂಹಿತೆಯ 33ನೆಯ ಆದೇಶದಂತೆ ಅವರು ಮೊದಲು ತಮ್ಮನ್ನು ನಿರ್ಗತಿಕರೆಂದು ಸಾರಿಕೊಂಡು, ದಾವೆ ಹೂಡಲು ಅನುಮತಿ ಬೇಡಬೇಕು. 1976ರ ತಿದ್ದುಪಡಿಯವರೆಗೆ ಕಾನೂನು ಇವರನ್ನು 'ಪಾಪರ್' ಎಂದೇ ಕರೆಯುತ್ತಿತ್ತು. ಹೆಸರು ಬದಲಾಯಿತು, ಬೇಡುವುದು ತಪ್ಪಲಿಲ್ಲ.

ಹುಕ್ಕೇರಿ ತಾಲ್ಲೂಕಿನ ಸಹೋದರಿಯೊಬ್ಬಳನ್ನು ಕಲ್ಪಿಸಿಕೊಳ್ಳಿರಿ. ತಂದೆ ಉಯಿಲು ಬರೆಯದೆ ತೀರಿಕೊಂಡಿದ್ದಾರೆ. ಹಿರಣ್ಯಕೇಶಿ ದಂಡೆಯ ಕಬ್ಬಿನ ಹೊಲ ಅಣ್ಣಂದಿರ ವಶದಲ್ಲಿದೆ. (ಅಣ್ಣಂದಿರೂ ಭಾನುವಾರದ ಬಲಿಪೂಜೆಗೆ ತಪ್ಪದವರೇ!) 1925ರ ಭಾರತೀಯ ಉತ್ತರಾಧಿಕಾರ ಅಧಿನಿಯಮದಂತೆ ಕ್ರೈಸ್ತ ಮಗಳಿಗೆ ಮಗನಷ್ಟೇ ಪಾಲುಂಟು. ಆದರೆ 1958ರ ಕರ್ನಾಟಕ ನ್ಯಾಯಾಲಯ ಶುಲ್ಕ ಅಧಿನಿಯಮದ ವಿಚಿತ್ರವನ್ನು ನೋಡಿರಿ. ಜಂಟಿ ಸ್ವಾಧೀನದಲ್ಲಿರುವ ಪಾಲುದಾರ ವಿಭಾಗ ಕೇಳಿದರೆ ಅಲ್ಪ ನಿಗದಿತ ಶುಲ್ಕ ಸಾಕು. ಸ್ವಾಧೀನದಿಂದ ಹೊರದೂಡಲ್ಪಟ್ಟವಳು ಕೇಳಿದರೆ ಅವಳ ಪಾಲಿನ ಮಾರುಕಟ್ಟೆ ಬೆಲೆಯ ಮೇಲೆ ಶುಲ್ಕ. ಹೊರಗೆ ತಳ್ಳಿಸಿಕೊಂಡದ್ದಕ್ಕೇ ಸುಂಕ!

ಆಗ ಅವಳು ಅನುಮತಿ ಬೇಡುತ್ತಾಳೆ. ತನ್ನ ಚರ ಸ್ಥಿರ ಆಸ್ತಿಯ ಪಟ್ಟಿಯನ್ನು ಅಂದಾಜು ಬೆಲೆಸಹಿತ ಲಗತ್ತಿಸಬೇಕು. ವಿನಾಯಿತಿ ದೊರೆಯದಿದ್ದರೆ ತಾನೇ ಖುದ್ದಾಗಿ ಅರ್ಜಿ ಸಲ್ಲಿಸಬೇಕು. ಎದುರುಪಕ್ಷಕ್ಕೂ ಸರಕಾರಿ ವಕೀಲರಿಗೂ ನೋಟಿಸು ಹೋಗುತ್ತದೆ. ಆಕೆ ಬಡವಳಲ್ಲವೆಂದು ಸಾಕ್ಷ್ಯ ನುಡಿಸಲು ಅಣ್ಣಂದಿರಿಗೇ ಅವಕಾಶ. ಹಕ್ಕಿನ ವಿಚಾರಣೆಗೆ ಮೊದಲೇ ಬಡತನದ ವಿಚಾರಣೆ. ಸಂತ ಲೂಕನ ಸುವಾರ್ತೆಯ ವಿಧವೆ ಅನ್ಯಾಯಗಾರ ನ್ಯಾಯಾಧೀಶನನ್ನು ಮತ್ತೆ ಮತ್ತೆ ಕಾಡಬೇಕಾಯಿತು ನಿಜ. ಆದರೆ ಅವನೂ ಆಕೆಯ ಮನೆಯ ಪಾತ್ರೆಪಡಗ ಎಣಿಸಿದನೆಂದು ನಾವು ಓದುವುದಿಲ್ಲ.

ಪಾತ್ರೆಪಡಗವನ್ನು ನಮ್ಮ ಕಾನೂನೂ ಎಣಿಸಬಾರದು. ಅಡುಗೆಯ ಪಾತ್ರೆ, ಉಡುವ ಬಟ್ಟೆ, ರೈತನ ಬೇಸಾಯದ ಉಪಕರಣ, ಧರ್ಮಸಂಪ್ರದಾಯದಂತೆ ಸ್ತ್ರೀ ತ್ಯಜಿಸಲಾಗದ ಆಭರಣ ಇವು ಜಪ್ತಿಯಿಂದ ಮುಕ್ತ, ಆದ್ದರಿಂದ ಲೆಕ್ಕಕ್ಕಿಲ್ಲ. ವಿವಾದದಲ್ಲಿರುವ ಹೊಲವೂ ಲೆಕ್ಕಕ್ಕಿಲ್ಲ. "ನಿನ್ನ ಪಾಲಿಗೆ ಹೊಲವಿರುವಾಗ ನೀನು ಬಡವಳು ಹೇಗೆ?" ಎಂದು ಯಾರಾದರೂ ಹೆದರಿಸಿದರೆ ಅದು ಕಾನೂನಲ್ಲ, ಬರಿಯ ಬೆದರಿಕೆ.

ಇದಕ್ಕಿಂತ ನನ್ನನ್ನು ಕೆರಳಿಸುವುದು ಸರಕಾರದ ನಡೆ. ಹರಿಯಾಣದಲ್ಲಿ ಅಪಘಾತದಲ್ಲಿ ಗಂಡನನ್ನು ಕಳೆದುಕೊಂಡ ವಿಧವೆ ಪರಿಹಾರ ಕೇಳಿದಾಗ, ಆಕೆಗೆ ಶುಲ್ಕವಿನಾಯಿತಿ ಸಲ್ಲದೆಂದು ಸ್ವತಃ ರಾಜ್ಯ ಸರಕಾರವೇ ಸುಪ್ರೀಂ ಕೋರ್ಟಿನವರೆಗೆ ಹೋಯಿತು. 1979ರಲ್ಲಿ ನ್ಯಾಯಮೂರ್ತಿ ವಿ. ಆರ್. ಕೃಷ್ಣ ಅಯ್ಯರ್ ಆ ಸರಕಾರಕ್ಕೆ ಛೀಮಾರಿ ಹಾಕಿದರು. ಪಾಠ ಕಲಿತೆವೇ? 2024ರಲ್ಲಿ ಗುಜರಾತಿನ ಅಪಘಾತ ಸಂತ್ರಸ್ತೆಯೊಬ್ಬರು ಅದೇ ಸುಪ್ರೀಂ ಕೋರ್ಟಿಗೆ ಹೋಗಬೇಕಾಯಿತು. ಪರಿಹಾರ ಮಂಜೂರಾಗಿದೆ, ಆದ್ದರಿಂದ ಆಕೆ ನಿರ್ಗತಿಕಳಲ್ಲ ಎಂದಿತ್ತು ಕೆಳಗಿನ ತೀರ್ಪು. ಆ ಹಣವಾದರೋ ಅವರ ಕೈಗೇ ಬಂದಿರಲಿಲ್ಲ! ಅತ್ತ 2001ರಲ್ಲಿ, ಕಂಪನಿಯೂ ನಿರ್ಗತಿಕ ಅರ್ಜಿದಾರನಾಗಬಹುದೆಂದು ಇದೇ ನ್ಯಾಯಾಲಯ ಹೇಳಿತ್ತು.

ಶುಲ್ಕವಿಲ್ಲದಿದ್ದರೆ ಸುಳ್ಳು ದಾವೆಗಳ ನೆರೆ ಬರುತ್ತದೆಂದು ಕೆಲವು ವಿದ್ಯಾವಂತರು ವಾದಿಸುತ್ತಾರೆ. ದಾವೆಗೆ ಕಾರಣವೇ ಇಲ್ಲದಿದ್ದರೆ ಅರ್ಜಿಯನ್ನು ತಳ್ಳಿಹಾಕಬಹುದು. ದುರ್ವರ್ತನೆ ಕಂಡರೆ ಕೊಟ್ಟ ಅನುಮತಿಯನ್ನು ಹಿಂತೆಗೆದುಕೊಳ್ಳಬಹುದು. ಸೋತರೆ ಶುಲ್ಕ ವಸೂಲಿಗೂ ಆಜ್ಞೆಯಾಗುತ್ತದೆ. ಅನುಮತಿ ಎಂದರೆ ಶುಲ್ಕದ ಮುಂದೂಡಿಕೆ, ಮನ್ನಾ ಅಲ್ಲ. ಶ್ರೀಮಂತನ ಸುಳ್ಳು ದಾವೆಗೆ ಈ ಪೂರ್ವಪರೀಕ್ಷೆ ಎಲ್ಲಿದೆ?

1987ರ ಕಾನೂನು ಸೇವೆಗಳ ಪ್ರಾಧಿಕಾರ ಅಧಿನಿಯಮದ 12ನೆಯ ಪ್ರಕರಣ ಹೀಗೆ ಅವಮಾನಿಸುವುದಿಲ್ಲ. ಮಹಿಳೆಯರು, ಮಕ್ಕಳು, ಪರಿಶಿಷ್ಟ ಜಾತಿ ಮತ್ತು ಪಂಗಡದವರು, ಅಂಗವಿಕಲರು ಆದಾಯದ ಮಿತಿಯಿಲ್ಲದೆ ಉಚಿತ ಕಾನೂನು ನೆರವಿಗೆ ಅರ್ಹರು. ವಕೀಲರಷ್ಟೇ ಅಲ್ಲ, ನ್ಯಾಯಾಲಯ ಶುಲ್ಕವೂ ಈ ನೆರವಿನಲ್ಲಿ ಸೇರುತ್ತದೆ. ಒಂದು ಕೈಯಿಂದ ಇದನ್ನು ಕೊಟ್ಟ ಪ್ರಭುತ್ವ, ಇನ್ನೊಂದು ಕೈಯಿಂದ ಅದೇ ಸ್ತ್ರೀಯ ಪಾತ್ರೆಪಟ್ಟಿ ಕೇಳುವುದನ್ನು ಶಾಸಕರು ನಿಲ್ಲಿಸಲಿ. ಅಲ್ಲಿಯವರೆಗೆ ಪಾಲು ಕಳೆದುಕೊಂಡ ಸಹೋದರಿಯರು ಸಾಲಗಾರನ ಮನೆಗೆ ಹೋಗುವ ಮೊದಲು ತಾಲ್ಲೂಕು ಕಾನೂನು ಸೇವೆಗಳ ಸಮಿತಿಗೆ ಹೋಗಲಿ. ಬರಿಯ ಬಿಳಿಯ ಕಾಗದದಲ್ಲಿ ಅರ್ಜಿ ಬರೆದುಕೊಡಬಹುದು. ಬರೆಯಲು ಬಾರದಿದ್ದರೆ ಸಮಿತಿಯವರೇ ಬರೆದುಕೊಳ್ಳಬೇಕು.