ಬೆಣ್ಣಿಹಳ್ಳಕ್ಕೆ ದುಡ್ಡು ಬರುತ್ತೆ... ಆಮೇಲೆ?

ಯಮನೂರಿನ ಚಾಂಗದೇವರ ಜಾತ್ರೆಗೆ ಹೋದವರಿಗೆ ಬೆಣ್ಣಿಹಳ್ಳ ಗೊತ್ತು. ಉಕ್ಕಿದರೆ ಹೊಲ ನುಂಗುತ್ತೆ. 2009, 2019ರಲ್ಲಿ ನೋಡಿದ್ದೇವಲ್ಲ. ಆಗೆಲ್ಲ ಒಂದೇ ಮಂತ್ರ: ಹೂಳೆತ್ತಿ, ಜಾಲಿ ಕಡೀರಿ! ಸರಿ ಸ್ವಾಮಿ, ಆಮೇಲೆ? ಬಳ್ಳಾರಿ ಜಾಲಿ ಬುಡದಿಂದ ಮತ್ತೆ ಚಿಗುರುತ್ತೆ, ಎರಿಮಣ್ಣು ಮತ್ತೆ ಹಳ್ಳಕ್ಕೆ ಜಾರುತ್ತೆ. ದಂಡೆಗೆ ಹೊಂಗೆ, ನೇರಳೆ ನೆಟ್ಟರೂ ಬೇಸಿಗೆಯಲ್ಲಿ ನೀರು ಹಾಕೋರು, ಆಡು-ಕುರಿ ತಡೆಯೋರು ಬೇಡವೇ? ಅಮೆರಿಕದಲ್ಲಿ ಸಾಲ್ಮನ್ ಮೀನಿಗಾಗಿ ಹೊಳೆದಂಡೆ ಸರಿಪಡಿಸುವವರದೂ ಇದೇ ಗೋಳು: ಗಿಡ ನೆಡೋಕೆ ದುಡ್ಡು ಸಿಗುತ್ತೆ, ಕಳೆ ಕೀಳೋಕೆ ಸಿಗಲ್ಲ.

ನನ್ನ ವಾದ ಇಷ್ಟೇ. ಕಾಮಗಾರಿಯ ಹಣದಲ್ಲೇ ಒಂದು ಪಾಲನ್ನು ಹತ್ತು ವರ್ಷದ ಆರೈಕೆಗೆ ಅಂತ ಎತ್ತಿಡಿ. ಅದರಿಂದ ದಂಡೆಯ ಊರಿನವರಿಗೇ ವರ್ಷಾವರ್ಷ ಕೂಲಿ ಕೊಡಿ. ಇಲ್ಲದಿದ್ದರೆ ಶಂಕುಸ್ಥಾಪನೆಯ ಕಲ್ಲು ಉಳಿಯುತ್ತೆ, ಹಳ್ಳ ಉಳಿಯಲ್ಲ. ಏನಂತೀರಿ?