ವರ್ಣತಂತುವಿನ ತೀರ್ಪು

ಸಂಸ್ಕೃತದಲ್ಲಿ ಹೆಂಡತಿ ಎಂಬ ಅರ್ಥದ ‘ದಾರ’ ಶಬ್ದವು ಪುಲ್ಲಿಂಗ, ‘ಕಲತ್ರ’ವು ನಪುಂಸಕಲಿಂಗ. ಅಲ್ಲಿ ಲಿಂಗವು ಶಬ್ದಕ್ಕೆ ಅಂಟಿಕೊಂಡದ್ದು. ಕನ್ನಡದಲ್ಲಾದರೋ ಅದು ಅರ್ಥವನ್ನು ಅನುಸರಿಸಿ ನಡೆಯುತ್ತದೆ. ಕೇಶಿರಾಜನ ‘ಶಬ್ದಮಣಿದರ್ಪಣ’ವನ್ನು ಓದಿದ ವಿದ್ಯಾರ್ಥಿಗಳೆಲ್ಲರೂ ಇದನ್ನು ಬಲ್ಲರು. ಇಂಥ ನುಡಿಯೂ ‘ಮಗು ಅಳುತ್ತದೆ’ ಎನ್ನುತ್ತದೆಯೇ ಹೊರತು ಅಳುತ್ತಾನೆ, ಅಳುತ್ತಾಳೆ ಎಂದು ಆತುರಪಡುವುದಿಲ್ಲ. ಆಡುವ ನಮ್ಮಲ್ಲಿ ಮಾತ್ರ ಈ ಸಾವಧಾನ ಕಡಮೆ. ಗಂಡುತನ ಹೆಣ್ಣುತನಗಳೆಲ್ಲವೂ ಹುಟ್ಟಿನಿಂದಲೇ ಬಂದುವು ಎಂದು ಒಬ್ಬರು, ಎಲ್ಲವೂ ಬೆಳೆಸಿದ ರೀತಿಯಿಂದ ಎಂದು ಇನ್ನೊಬ್ಬರು ತೀರ್ಪು ಕೊಟ್ಟುಬಿಡುತ್ತಾರೆ. ಜೀವವಿಜ್ಞಾನವು ಕಂಡುಕೊಂಡಿರುವ ಸಂಗತಿಗಳು ಈ ಎರಡು ತೀರ್ಪುಗಳಿಗೂ ಒಗ್ಗುವುದಿಲ್ಲವೆಂದು ನನಗೆ ತೋರುತ್ತದೆ.

ಗರ್ಭದಲ್ಲಿ ಮೊದಲ ಸುಮಾರು ಆರು ವಾರಗಳವರೆಗೆ ಗಂಡು ಹೆಣ್ಣುಗಳ ಅಂಗರಚನೆಯಲ್ಲಿ ಭೇದವಿಲ್ಲ. ವೃಷಣವೂ ಆಗಬಲ್ಲ, ಅಂಡಾಶಯವೂ ಆಗಬಲ್ಲ ಒಂದೇ ಬಗೆಯ ಗ್ರಂಥಿ ಇಬ್ಬರಲ್ಲಿಯೂ ಇರುತ್ತದೆ. ಭೇದದ ಬೀಜವಿರುವುದು ಜೀವಕೋಶದೊಳಗಿನ ವರ್ಣತಂತುಗಳಲ್ಲಿ. ಸಾಮಾನ್ಯವಾಗಿ ಹೆಣ್ಣಿಗೆ ಎರಡು ಎಕ್ಸ್. ಗಂಡಿಗೆ ಒಂದು ಎಕ್ಸ್, ಒಂದು ವೈ. ಹಿಟ್ಟಿನ ಹುಳುವನ್ನು ಪರೀಕ್ಷಿಸಿ 1905ರಲ್ಲಿ ಈ ಸಂಬಂಧವನ್ನು ತೋರಿಸಿಕೊಟ್ಟವರಲ್ಲಿ ಅಮೆರಿಕದ ವಿದುಷಿ ನೆಟ್ಟಿ ಸ್ಟೀವನ್ಸ್ ಪ್ರಮುಖರು. ವೈ ತಂತುವಿನ ಮೇಲಿರುವ ಎಸ್‌ಆರ್‌ವೈ ಎಂಬ ವಂಶವಾಹಿಯನ್ನು 1990ರಲ್ಲಿ ಗುರುತಿಸಿದರು. ಅದು ಗ್ರಂಥಿಯನ್ನು ವೃಷಣದ ದಾರಿಗೆ ತಿರುಗಿಸುತ್ತದೆ. ವೃಷಣವು ಟೆಸ್ಟೊಸ್ಟೆರೋನ್ ಮೊದಲಾದ ಹಾರ್ಮೋನುಗಳನ್ನು ಸ್ರವಿಸುತ್ತದೆ. ದೇಹವು ಗಂಡಿನ ರೂಪ ತಾಳುತ್ತದೆ. ಆದರೆ ಟೆಸ್ಟೊಸ್ಟೆರೋನಿನ ಮಾತನ್ನು ಜೀವಕೋಶಗಳು ಕೇಳಿಸಿಕೊಳ್ಳಬೇಕು. ಅವು ಕಿವುಡಾಗಿದ್ದರೆ ವೈ ತಂತುವಿದ್ದರೂ ಹೊರಗಿನ ದೇಹವು ಹೆಣ್ಣಿನದಾಗಿಯೇ ಬೆಳೆಯುತ್ತದೆ.

ಸ್ಪೇನ್ ದೇಶದ ಹರ್ಡಲ್ಸ್ ಓಟಗಾರ್ತಿ ಮರಿಯಾ ಹೊಸೆ ಮಾರ್ಟಿನೆಸ್ ಪಟಿನ್ಯೊ ಅವರದು ಇಂಥದೇ ದೇಹ. ಹೆಣ್ಣಾಗಿ ಹುಟ್ಟಿ ಬೆಳೆದ ಅವರಿಗೆ 1985ರಲ್ಲಿ ಜಪಾನಿನ ಕೋಬೆ ನಗರದ ಕ್ರೀಡಾಕೂಟದಲ್ಲಿ, ನಿಮ್ಮ ವರ್ಣತಂತುಗಳು ಗಂಡಿನವು ಎಂದು ತಿಳಿಸಲಾಯಿತು. ಮರುವರ್ಷ ಸ್ವದೇಶದ ಕೂಟದಿಂದ ಗಾಯದ ನೆಪ ಹೇಳಿ ಹಿಂದೆ ಸರಿಯಬೇಕೆಂಬ ಸೂಚನೆಯನ್ನು ಧಿಕ್ಕರಿಸಿ ಅವರು ಓಡಿದರು, ಗೆದ್ದರು. ಸುದ್ದಿ ಬಯಲಾಯಿತು. ಅವರ ದಾಖಲೆಗಳನ್ನು ಅಳಿಸಿದರು, ವಿದ್ಯಾರ್ಥಿವೇತನ ನಿಂತಿತು, ಮದುವೆಯಾಗಬೇಕಿದ್ದವನೂ ದೂರವಾದ. ಟೆಸ್ಟೊಸ್ಟೆರೋನಿನಿಂದ ಎಳ್ಳಷ್ಟೂ ಬಲ ಪಡೆಯಲಾರದ ದೇಹವನ್ನು ಗಂಡಿನ ಬಲವುಳ್ಳದ್ದೆಂದು ಹೊರಗಿಟ್ಟರು! ಮತ್ತೆ ಓಡಲು ಅನುಮತಿ ದೊರೆತದ್ದು 1988ರಲ್ಲಿ.

ಕ್ರೀಡೆಯಲ್ಲಿ ಸಮನ್ಯಾಯ ಬೇಕೆಂಬುದು ಅಲ್ಲಗಳೆಯುವ ಮಾತಲ್ಲ. ಆದರೆ 1968ರಲ್ಲಿ ಒಲಿಂಪಿಕ್ಸ್‌ನಲ್ಲಿ ಬಂದ ವರ್ಣತಂತು ಪರೀಕ್ಷೆಯನ್ನು 1999ರಲ್ಲಿ ಕೈಬಿಡಬೇಕಾಯಿತು. ಮಹಿಳಾ ವಿಭಾಗಕ್ಕೆ ಎಸ್‌ಆರ್‌ವೈ ಪರೀಕ್ಷೆಯನ್ನು ವಿಶ್ವ ಅಥ್ಲೆಟಿಕ್ಸ್ ಸಂಸ್ಥೆ 2025ರಲ್ಲಿ ಕಡ್ಡಾಯಗೊಳಿಸಿದಾಗಲೂ ಪಟಿನ್ಯೊ ಅವರಂಥ ದೇಹಪ್ರಕೃತಿಯವರಿಗೆ ವಿನಾಯಿತಿ ಇಡಬೇಕಾಯಿತು. ವಂಶವಾಹಿಯೊಂದೇ ನಿರ್ಣಾಯಕವಲ್ಲವೆಂಬುದನ್ನು ನಿಯಮವೇ ಒಪ್ಪಿಕೊಂಡಂತಾಯಿತು.

ದೇಹದ ಮಾತು ಹೀಗಾದರೆ ನಡತೆಯ ಮಾತು ಇನ್ನೂ ತೊಡಕಿನದು. ಅಡ್ರಿನಲ್ ಗ್ರಂಥಿಯ ಒಂದು ಜನ್ಮಜಾತ ದೋಷದಿಂದ ಕೆಲವು ಹೆಣ್ಣುಮಕ್ಕಳ ದೇಹದಲ್ಲಿ ಗರ್ಭದಲ್ಲಿಯೇ ಪುರುಷಹಾರ್ಮೋನು ಹೆಚ್ಚಾಗಿರುತ್ತದೆ. ಗಂಡುಮಕ್ಕಳ ಆಟಿಕೆಗಳಲ್ಲಿ ಅವರಿಗೆ ಸರಾಸರಿಯಲ್ಲಿ ಹೆಚ್ಚು ಆಸಕ್ತಿ ಇರುವುದನ್ನು ಸಂಶೋಧಕರು ಕಂಡಿದ್ದಾರೆ. ಆದರೂ ಅವರಲ್ಲಿ ಬಹುಮಂದಿ ತಮ್ಮನ್ನು ಹೆಣ್ಣೆಂದೇ ಅರಿತು ಬಾಳುತ್ತಾರೆ. ಹಾರ್ಮೋನು ಒಲವನ್ನು ತುಸು ವಾಲಿಸೀತು, ಬಾಳನ್ನು ಬರೆದಿಡದು.

ಹಾಗೆಂದು ಎಲ್ಲವೂ ಬೆಳೆಸುವವರ ಕೈಯಲ್ಲಿದೆಯೆಂದರೆ ಅದಕ್ಕೂ ಕಹಿಯಾದ ಉತ್ತರವಿದೆ. ಕೆನಡಾದಲ್ಲಿ 1965ರಲ್ಲಿ ಹುಟ್ಟಿದ ಡೇವಿಡ್ ರೈಮರ್ ಎಂಬ ಗಂಡುಮಗುವಿನ ಅಂಗವು ಶಸ್ತ್ರಚಿಕಿತ್ಸೆಯ ಅವಘಡದಲ್ಲಿ ನಾಶವಾಯಿತು. ಮನಶ್ಶಾಸ್ತ್ರಜ್ಞ ಜಾನ್ ಮನಿ ಅವರ ಸಲಹೆಯಂತೆ ಅವನನ್ನು ಹೆಣ್ಣಾಗಿ ಬೆಳೆಸಿದರು. ಪ್ರಯೋಗ ಫಲಿಸಿತೆಂದು ಲೋಕಕ್ಕೆ ಸಾರಿದ್ದೂ ಆಯಿತು. ಹುಡುಗ ಹದಿವಯಸ್ಸಿನಲ್ಲಿ ಆ ವೇಷವನ್ನು ಕಿತ್ತೆಸೆದು ಗಂಡಾಗಿ ಬಾಳತೊಡಗಿದ. ನೊಂದ ಜೀವ 2004ರಲ್ಲಿ ತನ್ನನ್ನು ತಾನೇ ಕೊನೆಗಾಣಿಸಿಕೊಂಡಿತು. ಒಂದೇ ನಿದರ್ಶನದಿಂದ ಸಿದ್ಧಾಂತ ಕಟ್ಟಲಾಗದು. ಆದರೆ ಸಿದ್ಧಾಂತಕ್ಕಾಗಿ ಒಂದು ಜೀವವನ್ನು ಕಟ್ಟಿಹಾಕುವುದು ಎಂಥ ಕ್ರೌರ್ಯವೆಂಬುದನ್ನು ಅರಿಯಲು ಈ ಒಂದೇ ಸಾಕು.

ಪಟಿನ್ಯೊ ಅವರ ವಿಷಯದಲ್ಲಿ ವರ್ಣತಂತುವನ್ನು ನೋಡಿದರು, ರೈಮರನ ವಿಷಯದಲ್ಲಿ ತೊಡಿಸಿದ ಉಡುಪನ್ನು ನೋಡಿದರು, ಇಬ್ಬರನ್ನೂ ಕೇಳಲಿಲ್ಲ. ನಮ್ಮ ಸರ್ವೋಚ್ಚ ನ್ಯಾಯಾಲಯವು 2014ರ ತೀರ್ಪಿನಲ್ಲಿ ದೇಹಪರೀಕ್ಷೆಗಿಂತ ವ್ಯಕ್ತಿಯ ಅಂತರಂಗದ ಅರಿವಿಗೆ ಹೆಚ್ಚಿನ ಬೆಲೆ ಕೊಟ್ಟದ್ದು ಈ ಕಾರಣದಿಂದ ನನಗೆ ವಿವೇಕದ ಮಾತಾಗಿ ಕಾಣುತ್ತದೆ. ಮೆಲುದನಿಯ ಹುಡುಗನನ್ನು ‘ಹೆಣ್ಣಿಗ’ನೆಂದೂ ದಿಟ್ಟ ಹುಡುಗಿಯನ್ನು ‘ಗಂಡುಬೀರಿ’ಯೆಂದೂ ಹಂಗಿಸುವುದು ನಮ್ಮ ಶಾಲೆ ಕಾಲೇಜುಗಳಲ್ಲಿ ನಿಂತಿಲ್ಲ, ಪ್ರಕೃತಿಯ ಹೆಸರನ್ನು ಮುಂದೆ ಮಾಡಿಯೇ ಹಂಗಿಸುತ್ತೇವೆ. ಪ್ರಕೃತಿಯಾದರೋ ಅಷ್ಟು ಅವಸರದ ನ್ಯಾಯಾಧೀಶಳಲ್ಲ. ರೂಪವನ್ನು ಬಿಟ್ಟು ಅರ್ಥವನ್ನು ನೋಡುವ ವ್ಯಾಕರಣವನ್ನು ಪಾಠ ಹೇಳುವ ನಾವು, ಎದುರಿಗೆ ಕುಳಿತ ಮಕ್ಕಳ ವಿಷಯದಲ್ಲಿಯೂ ಅದನ್ನು ಪಾಲಿಸುವುದು ಉಚಿತ.