ಮಾರಾಟಕ್ಕಲ್ಲದ ಸರಕಿಗೂ ಕಾಗದ ಬೇಕು

ಮಾರಾಟವಿದ್ದರೆ ಬಿಲ್ಲು, ಮಾರಾಟವಿಲ್ಲದಿದ್ದರೆ ಯಾವ ಕಾಗದವೂ ಬೇಡ ಎಂಬ ಭಾವನೆ ವ್ಯಾಪಾರಿ ವರ್ಗದಲ್ಲಿ ಬಹುಕಾಲದಿಂದ ಬೇರೂರಿದೆ. ಅದರಲ್ಲಿಯೂ ಸರಕು ಸ್ವಂತದ್ದು, ವಾಹನ ಸ್ವಂತದ್ದು, ಹೋಗಿಬರುವುದು ಎರಡೇ ದಿನ ಎಂದಾದಾಗ ಚಲನ್ ಬರೆಯುವ ಯೋಚನೆಯೇ ಬರುವುದಿಲ್ಲ. ಈ ಭಾವನೆ ಎಷ್ಟು ದುಬಾರಿಯಾಗಬಲ್ಲದು ಎಂಬುದನ್ನು ಪರಿಶೀಲಿಸಲು, ಪಿಕಪ್ ವಾಹನದಲ್ಲಿ ರೇಸಿಂಗ್ ಕಾರ್ಟ್ ಸಾಗಿಸುವ ಪ್ರಸಂಗ ಒಂದು ಉತ್ತಮ ನಿದರ್ಶನ. ಕಾರ್ಟ್‌ನ ಬದಲು ವಸ್ತುಪ್ರದರ್ಶನಕ್ಕೆ ಹೊರಟ ಲೇತ್ ಯಂತ್ರವನ್ನೋ, ಗ್ರಾಹಕರಿಗೆ ತೋರಿಸಿ ಮರಳಿ ತರುವ ಪಂಪ್‌ಸೆಟ್ಟನ್ನೋ ಓದುಗರು ಊಹಿಸಿಕೊಂಡರೂ ಲೆಕ್ಕ ಹೆಚ್ಚೇನೂ ಬದಲಾಗದು.

ಬೆಂಗಳೂರಿನ ಪೀಣ್ಯದಲ್ಲಿ ಯಂತ್ರಭಾಗಗಳನ್ನು ತಯಾರಿಸುವ, ಜಿ.ಎಸ್.ಟಿ. ನೋಂದಣಿ ಹೊಂದಿದ ಸಂಸ್ಥೆಯೊಂದು ಕಾರ್ಟ್ ಖರೀದಿಸಿ, ಅದರ ಮೈಮೇಲೆ ತನ್ನ ಹೆಸರು ಬರೆಸಿ, ಕೊಯಮತ್ತೂರಿನ ಚೆಟ್ಟಿಪಾಳಯದಲ್ಲಿರುವ ಕರಿ ಮೋಟಾರ್ ಸ್ಪೀಡ್‌ವೇಗೆ ಸ್ಪರ್ಧೆಗಾಗಿ ಕಳುಹಿಸುತ್ತದೆ ಎಂದಿಟ್ಟುಕೊಳ್ಳಬಹುದು. ಅತ್ತಿಬೆಲೆ, ಹೊಸೂರು, ಧರ್ಮಪುರಿ, ಸೇಲಂ ಮಾರ್ಗವಾಗಿ ಸುಮಾರು 360 ಕಿಲೋಮೀಟರ್ ದೂರ. ಪಿಕಪ್‌ನಲ್ಲಿ ಕಾರ್ಟ್‌ನೊಂದಿಗೆ ಹೆಚ್ಚುವರಿ ಎಂಜಿನ್, ಎರಡು ಜೊತೆ ಟೈರ್, ಸ್ಟ್ಯಾಂಡ್, ಉಪಕರಣಗಳ ಪೆಟ್ಟಿಗೆ, ಗಾಳಿ ತುಂಬುವ ಕಂಪ್ರೆಸರ್, ಪೆಟ್ರೋಲ್ ಕ್ಯಾನ್ ಇರುತ್ತವೆ. ಒಟ್ಟು ಮೌಲ್ಯ 4 ಲಕ್ಷ ರೂಪಾಯಿ ಎಂದು ಭಾವಿಸೋಣ.

ಕಾರ್ಟ್‌ಗೆ ನಾಲ್ಕು ಚಕ್ರಗಳೂ ಎಂಜಿನ್ನೂ ಇದ್ದರೂ ಅದು ಕಾನೂನಿನ ದೃಷ್ಟಿಯಲ್ಲಿ ವಾಹನವಲ್ಲ. 1988ರ ಮೋಟಾರು ವಾಹನ ಕಾಯ್ದೆಯ 2(28)ನೇ ಕಲಮು ಆವೃತ ಸ್ಥಳಗಳಲ್ಲಿ ಮಾತ್ರ ಬಳಸಲು ರೂಪಿಸಿದ ವಿಶೇಷ ಬಗೆಯ ವಾಹನಗಳನ್ನು ವ್ಯಾಖ್ಯೆಯಿಂದ ಹೊರಗಿಟ್ಟಿದೆ. ನೋಂದಣಿ ಇಲ್ಲ, ನಂಬರ್ ಪ್ಲೇಟ್ ಇಲ್ಲ. ರಸ್ತೆಯ ಮೇಲೆ ಅದನ್ನು ಓಡಿಸುವಂತಿಲ್ಲ. ಆದುದರಿಂದ ಪಿಕಪ್ ಏರಿದ ಕ್ಷಣದಿಂದ ಅದು ಅಕ್ಕಿ ಮೂಟೆಯಂತೆ, ಕಬ್ಬಿಣದ ಸರಳಿನಂತೆ ಒಂದು ಸರಕು ಮಾತ್ರ.

ಸರಕಿನ ಮೌಲ್ಯ 50,000 ರೂಪಾಯಿ ಮೀರಿದರೆ, ನೋಂದಾಯಿತ ವ್ಯಕ್ತಿಯು ಸಾಗಣೆ ಆರಂಭವಾಗುವ ಮುನ್ನವೇ ಇ-ವೇ ಬಿಲ್ ಪಡೆಯತಕ್ಕದ್ದೆಂದು ಜಿ.ಎಸ್.ಟಿ. ನಿಯಮ 138 ವಿಧಿಸುತ್ತದೆ. ಅಂತರರಾಜ್ಯ ಸಾಗಣೆಗೆ ಈ ವ್ಯವಸ್ಥೆ 2018ರ ಏಪ್ರಿಲ್ 1ರಂದು ಜಾರಿಗೆ ಬಂದಿತು. ಬಹುಮಂದಿ ಗಮನಿಸದ ಸಂಗತಿಯೆಂದರೆ, ಆ ನಿಯಮ ಪೂರೈಕೆಗಾಗಿ ನಡೆಯುವ ಸಾಗಣೆಯನ್ನಷ್ಟೇ ಅಲ್ಲ, ಪೂರೈಕೆಯಲ್ಲದ ಕಾರಣಕ್ಕೆ ನಡೆಯುವ ಸಾಗಣೆಯನ್ನೂ ಸ್ಪಷ್ಟವಾಗಿ ಹೆಸರಿಸುತ್ತದೆ. ಇಂತಹ ಸಾಗಣೆಗೆ ಇನ್‌ವಾಯ್ಸ್ ಬೇಕಿಲ್ಲ. ನಿಯಮ 55ರ ಪ್ರಕಾರ ಡೆಲಿವರಿ ಚಲನ್ ಬೇಕು. ಇ-ವೇ ಬಿಲ್ಲಿನಲ್ಲಿ ಕಾರಣ ನಮೂದಿಸುವಲ್ಲಿ 'ಸ್ವಂತ ಉಪಯೋಗಕ್ಕಾಗಿ' ಎಂಬ ಆಯ್ಕೆಯುಂಟು, ವಸ್ತುಪ್ರದರ್ಶನಕ್ಕೂ ಪ್ರತ್ಯೇಕ ಆಯ್ಕೆಯುಂಟು. ದಿನಕ್ಕೆ 200 ಕಿಲೋಮೀಟರಿನಂತೆ ಕೊಯಮತ್ತೂರಿನ ದಾರಿಗೆ ಎರಡು ದಿನಗಳ ಅವಧಿ ದೊರೆಯುತ್ತದೆ. ಕಂಪ್ಯೂಟರಿನ ಮುಂದೆ ಹತ್ತು ನಿಮಿಷದ ಕೆಲಸ.

ಆ ಹತ್ತು ನಿಮಿಷ ಉಳಿಸಿದರೆ ಆಗುವುದೇನು? ಕೇಂದ್ರ ಜಿ.ಎಸ್.ಟಿ. ಕಾಯ್ದೆಯ 129ನೇ ಕಲಮಿನನ್ವಯ ಸರಕನ್ನೂ ವಾಹನವನ್ನೂ ತಡೆಹಿಡಿಯಬಹುದು. 2022ರ ಜನವರಿ 1ರಿಂದ ಜಾರಿಯಲ್ಲಿರುವ ತಿದ್ದುಪಡಿಯಂತೆ, ಮಾಲೀಕ ಮುಂದೆ ಬಂದರೆ ತೆರಿಗೆಯ ಇಮ್ಮಡಿ ದಂಡ ತೆತ್ತು ಬಿಡಿಸಿಕೊಳ್ಳಬೇಕು. ತೆರಿಗೆ ಶೇಕಡಾ 18 ಎಂದಿಟ್ಟುಕೊಂಡರೆ 4 ಲಕ್ಷದ ಮೇಲೆ 72,000. ದಂಡ 1,44,000 ರೂಪಾಯಿ. ಮಾರಾಟವೇ ಇಲ್ಲದಿರುವಾಗ ತೆರಿಗೆಯೆಲ್ಲಿ, ತೆರಿಗೆಯೇ ಇಲ್ಲದಿರುವಾಗ ಅದರ ಇಮ್ಮಡಿಯೆಲ್ಲಿ ಎಂದು ವಾದಿಸಬಹುದು, ವಾದದಲ್ಲಿ ಹುರುಳೂ ಇದೆ. ಆದರೆ ಅಧಿಕಾರಿಗೆ ನೋಟಿಸ್ ನೀಡಲು 7 ದಿನ, ನೋಟಿಸಿನ ನಂತರ ಆದೇಶ ನೀಡಲು ಮತ್ತೆ 7 ದಿನ ಕಾನೂನೇ ಕೊಟ್ಟಿದೆ. ಸ್ಪರ್ಧೆ ಭಾನುವಾರ. ವಾದದಲ್ಲಿ ಗೆದ್ದರೂ ಕಾರ್ಟ್ ಮೈದಾನ ತಲುಪಿರುವುದಿಲ್ಲ. ವಸ್ತುಪ್ರದರ್ಶನಕ್ಕೆ ಹೊರಟ ಲೇತ್ ಯಂತ್ರದ ಗತಿಯೂ ಇದೇ.

ಇದಕ್ಕೆ ಪ್ರತಿಯಾಗಿ, ಕಾಲೇಜು ವಿದ್ಯಾರ್ಥಿಗಳು ತಾವೇ ಕಟ್ಟಿದ ಕಾರ್ಟನ್ನು ಬಾಡಿಗೆ ವಾಹನದಲ್ಲಿ ಒಯ್ಯುವಾಗ ಯಾರೂ ಇ-ವೇ ಬಿಲ್ ಕೇಳುವುದಿಲ್ಲವಲ್ಲ ಎಂಬ ಪ್ರಶ್ನೆ ಏಳುವುದು ಸಹಜ. ನೋಂದಣಿಯಿಲ್ಲದವರಿಗೆ ಅದು ಐಚ್ಛಿಕ. ಬಳಸಿದ ವೈಯಕ್ತಿಕ ವಸ್ತುಗಳಿಗೂ ವಿನಾಯಿತಿಯುಂಟು. ಈ ವಿನಾಯಿತಿಯನ್ನು ನೋಡಿಯೇ ಕೆಲವು ಮಾಲೀಕರು ರಸ್ತೆಯಲ್ಲಿ ತಡೆದಾಗ 'ಇದು ನನ್ನ ಸ್ವಂತ ಹವ್ಯಾಸದ ಗಾಡಿ' ಎಂದು ಹೇಳಿ ಪಾರಾಗುವ ಯೋಚನೆ ಮಾಡುವುದುಂಟು. ಇಲ್ಲಿಯೇ ಲೆಕ್ಕಪುಸ್ತಕ ಅಡ್ಡ ಬರುತ್ತದೆ. ಕಾರ್ಟ್‌ನ ಖರೀದಿ ಬಿಲ್ಲು ಸಂಸ್ಥೆಯ ಹೆಸರಿನಲ್ಲಿದೆ, ಇನ್‌ಪುಟ್ ಟ್ಯಾಕ್ಸ್ ಕ್ರೆಡಿಟ್ ಪಡೆಯಲಾಗಿದೆ, ಅಢಾವೆ ಪತ್ರಿಕೆಯಲ್ಲಿ ಸ್ಥಿರಾಸ್ತಿಯೆಂದು ತೋರಿಸಿ ಸವಕಳಿ ಕಳೆಯಲಾಗಿದೆ, ಪ್ರವೇಶ ಶುಲ್ಕ ಜಾಹೀರಾತು ವೆಚ್ಚಕ್ಕೆ ಹೋಗಿದೆ. ಇಷ್ಟೆಲ್ಲ ಆದ ಮೇಲೆ ಹೆದ್ದಾರಿಯಲ್ಲಿ ಮಾತ್ರ ಅದು ಮಾಲೀಕನ ಆಟಿಕೆಯಾಗಲಾರದು. ಹಾಗೆ ಕೊಟ್ಟ ಹೇಳಿಕೆ ಲಿಖಿತರೂಪದಲ್ಲಿ ದಾಖಲಾದರೆ, ಪಡೆದ ಕ್ರೆಡಿಟ್ಟಿಗೂ ಕಳೆದ ಸವಕಳಿಗೂ ಅದೇ ಉರುಳಾಗುತ್ತದೆ. ಕಾರ್ಟ್ ನಿಜಕ್ಕೂ ಹವ್ಯಾಸದ್ದಾದರೆ ಸ್ವಂತ ಹಣದಿಂದ, ಸ್ವಂತ ಹೆಸರಿನಲ್ಲಿ ಕೊಂಡು ಸಂಸ್ಥೆಯ ಪುಸ್ತಕದಿಂದ ದೂರವಿಡುವುದೇ ಲೇಸು. ಎರಡು ದೋಣಿಯ ಮೇಲೆ ಕಾಲಿಡುವವರೇ ಹೆಚ್ಚಾಗಿ ಸಿಕ್ಕಿಬೀಳುವುದು.

ಕೊಯಮತ್ತೂರಿನಲ್ಲಿಯೂ ಶಾಖೆಯಿದ್ದು ಅಲ್ಲಿ ಪ್ರತ್ಯೇಕ ನೋಂದಣಿ ಇರುವ ಸಂಸ್ಥೆಗಳಿಗೆ ಇನ್ನೊಂದು ಆತಂಕವುಂಟು. ಒಂದೇ ಸಂಸ್ಥೆಯ ಎರಡು ನೋಂದಣಿಗಳನ್ನು ಕಾನೂನು ಭಿನ್ನ ವ್ಯಕ್ತಿಗಳೆಂದು ಗಣಿಸುತ್ತದೆ. ಪುನಃ ಪೂರೈಕೆಗಲ್ಲದೆ ಸಾಗುವ ರಿಗ್, ಉಪಕರಣ, ಬಿಡಿಭಾಗ ಹಾಗೂ ಚಕ್ರಗಳ ಮೇಲಿನ ಸರಕುಗಳಿಗೆ ತೆರಿಗೆ ಬೀಳದೆಂದು 2017ರ ನವೆಂಬರ್ 22ರ 21ನೇ ಸುತ್ತೋಲೆ ಹೇಳಿದೆ. ಕಾರ್ಟ್‌ಗೂ ಅದು ಸಲ್ಲುತ್ತದೆಂದು ವಾದಿಸಲು ಸಾಕಷ್ಟು ಆಧಾರವಿದೆ. ತೆರಿಗೆ ಬೀಳದೆಂದ ಮಾತ್ರಕ್ಕೆ ಚಲನ್ ಬೇಡವೆಂದು ಅರ್ಥವಲ್ಲ.

ಇದಕ್ಕಿಂತ ಹೆಚ್ಚಿನ ಅಪಾಯ ಟೂಲ್ ಪೆಟ್ಟಿಗೆಯ ಪಕ್ಕದ ರಟ್ಟಿನ ಡಬ್ಬಿಯಲ್ಲಿರುತ್ತದೆ. ಸ್ಪ್ರಾಕೆಟ್, ಬೇರಿಂಗ್ ಹೌಸಿಂಗ್, ಆಕ್ಸಲ್ ಮೊದಲಾದವುಗಳನ್ನು ತಯಾರಿಸುವ ಉದ್ಯಮಿ ನಾಲ್ಕು ಹೆಚ್ಚುವರಿ ಭಾಗಗಳನ್ನು ಜೊತೆಗೊಯ್ದು, ಕೇಳಿದ ತಂಡಗಳಿಗೆ ಸ್ಥಳದಲ್ಲಿಯೇ ಮಾರುವುದು ಅಸಂಭವವೇನಲ್ಲ. ಆ ಕ್ಷಣಕ್ಕೆ ಆತ ತಮಿಳುನಾಡಿನಲ್ಲಿ ವ್ಯಾಪಾರ ಮಾಡಿದಂತಾಯಿತು. ಅಲ್ಲಿ ನೋಂದಣಿ ಇಲ್ಲದಿದ್ದರೆ ತಾತ್ಕಾಲಿಕ ತೆರಿಗೆದಾರನಾಗಿ, ವ್ಯಾಪಾರ ಆರಂಭಿಸುವ ಕನಿಷ್ಠ 5 ದಿನ ಮೊದಲು ಅರ್ಜಿ ಸಲ್ಲಿಸಿ, ಅಂದಾಜು ತೆರಿಗೆಯನ್ನು ಮುಂಗಡ ಕಟ್ಟಿರಬೇಕು. ವಹಿವಾಟು ಎಷ್ಟೇ ಚಿಕ್ಕದಾಗಿರಲಿ, ಈ ನೋಂದಣಿ ಕಡ್ಡಾಯ. ಬೇಡಿಕೆ ಬರೆದುಕೊಂಡು ಬಂದು, ಬೆಂಗಳೂರಿನಿಂದ ಇನ್‌ವಾಯ್ಸ್ ಸಹಿತ ಕೊರಿಯರ್ ಮಾಡುವುದು ಜಾಣತನ.

ಇನ್ನು ವಾಹನದ ವಿಚಾರ. ಒಟ್ಟು ತೂಕ 3,000 ಕಿಲೋಗ್ರಾಂ ಮೀರದ ಸರಕು ವಾಹನಕ್ಕೆ ಪರ್ಮಿಟ್ ಬೇಕಿಲ್ಲ. ಪಿಕಪ್‌ಗಳಲ್ಲಿ ಕೆಲವು ಈ ಮಿತಿಯ ಒಳಗಿವೆ, ಕೆಲವು ಹೊರಗಿವೆ, ಆರ್.ಸಿ. ಪುಸ್ತಕ ನೋಡಿಕೊಳ್ಳಬೇಕು. ಕಾರ್ಟ್ ಹಗುರ, ಚಾಲಕನಿಲ್ಲದೆ ನೂರು ಕಿಲೋಗ್ರಾಂ ಕೂಡ ತೂಗದು. ಆದ್ದರಿಂದ ಭಾರದ ಚಿಂತೆಯಿಲ್ಲ, ಅಗಲದ ಚಿಂತೆಯಿದೆ. ದೊಡ್ಡವರ ಕಾರ್ಟ್ ಸುಮಾರು 140 ಸೆಂಟಿಮೀಟರ್ ಅಗಲವಿರುತ್ತದೆ. ಚಿಕ್ಕ ಪಿಕಪ್‌ನಲ್ಲಿ ಅದನ್ನು ಓರೆಯಾಗಿಟ್ಟು, ಹಿಂಬದಿಯ ಬಾಗಿಲು ತೆರೆದು ಬಿಟ್ಟು ಹೊರಟರೆ, 2019ರ ತಿದ್ದುಪಡಿಯ ನಂತರ ಹೊರಚಾಚಿದ ಸರಕಿಗೆ ಕಾಯ್ದೆಯಲ್ಲಿ 20,000 ರೂಪಾಯಿ ದಂಡವಿದೆ.

ವಾಹನದ ವಿಮೆ ಇದೆಯಲ್ಲ ಎಂಬ ಸಮಾಧಾನವೂ ಪೊಳ್ಳು. ಆ ಪಾಲಿಸಿ ವಾಹನಕ್ಕೂ ಮೂರನೆಯವರಿಗೂ ಸಂಬಂಧಿಸಿದ್ದು, ಅದರಲ್ಲಿ ಹೇರಿದ ಸರಕಿಗಲ್ಲ. ಧರ್ಮಪುರಿ ದಾಟಿದ ಮೇಲಿನ ತೊಪ್ಪೂರು ಘಾಟಿನಲ್ಲಿ ಲಾರಿ ಅಪಘಾತಗಳು ಪದೇ ಪದೇ ಸಂಭವಿಸಿವೆ. ಅಲ್ಲಿ ಪಿಕಪ್ ಮಗುಚಿದರೆ ಕಾರ್ಟ್‌ಗೆ ಒಂದು ಪೈಸೆಯೂ ಬಾರದು. ಸರಕಿಗೆ ಪ್ರತ್ಯೇಕ ಒಳನಾಡು ಸಾಗಣೆ ವಿಮೆ ಬೇಕು. ಕಟ್ಟುವಿಕೆ ಸಮರ್ಪಕವಾಗಿರಲಿಲ್ಲವೆಂದು ಕಂಡರೆ ಅದೂ ಕೈಕೊಡಬಹುದು. ಕಾರ್ಟ್‌ಗೆ ಸಸ್ಪೆನ್ಷನ್ ಇಲ್ಲ, ಬಾಗುವುದೇ ಅದರ ಚೌಕಟ್ಟಿನ ಗುಣ. ಸ್ಟಿಯರಿಂಗ್ ಸಲಾಕೆಗೆ ಹಗ್ಗ ಬಿಗಿದರೆ ಸಲಾಕೆ ಸೊಟ್ಟಗಾಗುತ್ತದೆ. ಚೌಕಟ್ಟಿನ ಕೊಳವೆಗಳಿಗೆ ನಾಲ್ಕು ಮೂಲೆಯಲ್ಲಿ ರಾಚೆಟ್ ಬೆಲ್ಟ್ ಹಾಕಿ, ಚಿತ್ರ ತೆಗೆದಿಟ್ಟುಕೊಂಡರೆ ವಿಮಾ ಕಂಪನಿಯೆದುರು ಸಾಕ್ಷ್ಯವೂ ಆಗುತ್ತದೆ.

ಹಿಂಬದಿಯಲ್ಲಿ ಕಾರ್ಟ್ ಹಿಡಿದುಕೊಂಡು ಕೂರುವ ಹುಡುಗರ ಪ್ರಶ್ನೆ ಇದಕ್ಕಿಂತ ಗಂಭೀರವಾದದ್ದು. ಸರಕಿನ ಮಾಲೀಕನಿಗೂ ಆತನ ಅಧಿಕೃತ ಪ್ರತಿನಿಧಿಗೂ ಕಾಯ್ದೆಯ 147ನೇ ಕಲಮಿನಲ್ಲಿ ರಕ್ಷಣೆಯಿದೆ. ಪುಕ್ಕಟೆ ಪ್ರಯಾಣಿಕರಿಗೆ ಸರಕು ವಾಹನದ ವಿಮೆಯಿಂದ ಪರಿಹಾರವಿಲ್ಲವೆಂದು ಆಶಾರಾಣಿ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯ 2002ರಲ್ಲಿಯೇ ತೀರ್ಪಿತ್ತಿದೆ. ಅವಘಡವಾದರೆ ಪರಿಹಾರದ ಹೊರೆ ವಾಹನದ ಮಾಲೀಕನ ಮನೆ ಬಾಗಿಲಿಗೇ ಬರುತ್ತದೆ. ಮೆಕ್ಯಾನಿಕ್ ಕ್ಯಾಬಿನ್ನಿನಲ್ಲಿ ಕೂರಲಿ, ಉಳಿದವರು ಬಸ್ಸಿನಲ್ಲಿ ಬರಲಿ.

ಪೆಟ್ರೋಲಿನ ಕುರಿತು 1934ರ ಪೆಟ್ರೋಲಿಯಂ ಕಾಯ್ದೆಯ 8ನೇ ಕಲಮು ಇಂದಿಗೂ ಸ್ಪಷ್ಟವಾಗಿದೆ: ಮಾರಾಟಕ್ಕಲ್ಲದ್ದು ಒಟ್ಟು 30 ಲೀಟರ್ ಮೀರದಿದ್ದರೆ ಲೈಸೆನ್ಸ್ ಬೇಡ, ಆದರೆ ಅದು ಬಿಗಿಯಾಗಿ ಮುಚ್ಚಿದ, 25 ಲೀಟರ್ ಮೀರದ ಲೋಹದ ಕ್ಯಾನಿನಲ್ಲಿರಬೇಕು. ಗಾಜು ಅಥವಾ ಕಲ್ಲುಜಾಡಿಯಾದರೆ ಒಂದು ಲೀಟರ್ ಮಿತಿ. ಎಲ್ಲರ ಕೈಯಲ್ಲಿರುವ ಪ್ಲಾಸ್ಟಿಕ್ ಕ್ಯಾನಿಗೆ ಈ ಪಟ್ಟಿಯಲ್ಲಿ ಸ್ಥಾನವೇ ಇಲ್ಲ. ಕಾರ್ಟ್‌ನ ಟ್ಯಾಂಕ್ ಖಾಲಿ ಮಾಡಿ ಹೊರಟು, ಪೆಟ್ರೋಲನ್ನು ಮೈದಾನದ ಸಮೀಪದ ಬಂಕಿನಲ್ಲಿ ಕೊಳ್ಳುವುದರಿಂದ ನಷ್ಟವೇನಿಲ್ಲ.

ಇಷ್ಟಾದರೂ ವ್ಯವಸ್ಥೆಯಲ್ಲಿ ದೋಷವಿಲ್ಲವೆಂದಲ್ಲ. ಹೋದ ಸರಕೇ, ಅದೇ ವಾಹನದಲ್ಲಿ, ಅದೇ ಮಾಲೀಕನ ಬಳಿಗೆ ಮರಳುವಾಗಲೂ ಹೊಸ ಚಲನ್, ಹೊಸ ಇ-ವೇ ಬಿಲ್ ಬೇಕು. ಸವೆದ ಟೈರುಗಳನ್ನು ಅಲ್ಲಿಯೇ ಎಸೆದು ಬಂದರೆ ಹೋದ ಪಟ್ಟಿಗೂ ಬಂದ ಪಟ್ಟಿಗೂ ತಾಳೆಯಾಗದೆ ಮತ್ತೊಂದು ವಿವರಣೆ ಬರೆಯಬೇಕು. ಸ್ವಂತ ಉಪಯೋಗ ಮತ್ತು ಪ್ರದರ್ಶನದ ಸರಕಿಗೆ ಹೋಗಿಬರಲು ಒಂದೇ ಬಿಲ್ಲು, 15 ದಿನಗಳ ಅವಧಿ ಎಂದು ನಿಗದಿಪಡಿಸಿದರೆ ಸರ್ಕಾರಕ್ಕೆ ಒಂದು ರೂಪಾಯಿಯೂ ನಷ್ಟವಾಗದು. ವಾಣಿಜ್ಯ ಸಂಘಗಳು ಜಿ.ಎಸ್.ಟಿ. ಮಂಡಳಿಯ ಮುಂದಿಡಬೇಕಾದ ಬೇಡಿಕೆ ಇದು. ಅದು ಈಡೇರುವ ತನಕ, ಚಾಸಿ ಹಾಗೂ ಎಂಜಿನ್ ಸಂಖ್ಯೆಗಳನ್ನು ಬರೆದ ಎರಡು ಚಲನ್‌ಗಳನ್ನು ಬೆಂಗಳೂರು ಬಿಡುವ ಮುನ್ನವೇ ಸಿದ್ಧಪಡಿಸಿಟ್ಟುಕೊಂಡು, ವಾಪಸಾತಿಯ ಇ-ವೇ ಬಿಲ್ಲನ್ನು ಭಾನುವಾರ ಸಂಜೆ ಸ್ಪರ್ಧೆ ಮುಗಿದೊಡನೆ ಮೊಬೈಲ್ ಫೋನಿನಲ್ಲಿಯೇ ಪಡೆಯಬಹುದು.